ಲಿಡಾರ್ ತೋರಿಸುವ ಟರ್ಬುಲೆನ್ಸ್ ಅಂಕಿಗೆ ಸಹಿ ಹಾಕಬಹುದೇ? (ಮಧುಗಿರಿ–ಪಾವಗಡ ಕಡೆಯ ಗುಡ್ಡದ ಸಾಲು)

ಮಧುಗಿರಿ_ಮಾರುತ

ಎಲ್ಲರಿಗೂ ನಮಸ್ಕಾರ. ಮಧುಗಿರಿಗೂ ಪಾವಗಡಕ್ಕೂ ನಡುವಿನ ಒಂದು ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಯೋಜನೆ ಇದೆ. ಅದರ ಗಾಳಿ ಅಳತೆಯ ವರದಿಯನ್ನು ಪರಿಶೀಲಿಸಿ ಸಹಿ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ಗುಡ್ಡದ ಕೆಳಗೆ ಕಡಲೆಕಾಯಿ ಹೊಲಗಳ ನಡುವೆ ಗಾಳಿ ಅಳೆಯುವ 100 ಮೀಟರಿನ ಕಂಬ, ಅಂದರೆ ಮಾಸ್ಟ್, ಇದೆ. ಯಂತ್ರದ ಹಬ್ (ರೆಕ್ಕೆಗಳು ಸೇರುವ ನಡುಭಾಗ) ಇರುವುದು 140 ಮೀಟರಿನಲ್ಲಿ. ಕಂಬ ಅಲ್ಲಿಗೆ ಮುಟ್ಟುವುದಿಲ್ಲವಾದ್ದರಿಂದ ನೆಲದ ಮೇಲಿಟ್ಟು ಲೇಸರ್ ಬೆಳಕಿನಿಂದ ಮೇಲಿನ ಗಾಳಿ ಅಳೆಯುವ ಲಿಡಾರ್ ತರಿಸಿ, ಆಷಾಢದಲ್ಲಿ ಕೆಲವು ವಾರ ಮಾಸ್ಟ್ ಪಕ್ಕದಲ್ಲೇ ಇಟ್ಟು ಹೋಲಿಸಿ, ಆಮೇಲೆ ಗುಡ್ಡದ ನೆತ್ತಿಗೆ ಸಾಗಿಸಿದ್ದಾರೆ.

ಹತ್ತು ನಿಮಿಷದ ಸರಾಸರಿ ವೇಗದ ಹೋಲಿಕೆ ಬಹಳ ಚೆನ್ನಾಗಿದೆ, ಚುಕ್ಕಿಗಳೆಲ್ಲ ಒಂದೇ ಗೆರೆಗೆ ಅಂಟಿಕೊಂಡಿವೆ. ಪುಟ ತಿರುಗಿಸಿ ಟರ್ಬುಲೆನ್ಸ್ (ಗಾಳಿಯ ಏರಿಳಿತ) ಚಿತ್ರ ನೋಡಿದರೆ ಅದೇ ಚುಕ್ಕಿಗಳು ಚೆಲ್ಲಾಪಿಲ್ಲಿ. ಆದರೂ ವರದಿಯ ಕೊನೆಯಲ್ಲಿ, ಸಾಧನವು ಮಾಸ್ಟ್‌ಗೆ ತೃಪ್ತಿಕರವಾಗಿ ಹೊಂದುತ್ತದೆ, ಆದ್ದರಿಂದ ಅದರ ಟರ್ಬುಲೆನ್ಸ್ ಅಂಕಿಗಳನ್ನು ಯಂತ್ರದ ಆಯ್ಕೆಗೆ ಬಳಸಬಹುದು ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ವರದಿಯನ್ನು ಇಲ್ಲಿ ಹಾಕುವಂತಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಬಲ್ಲೆ. ಸಹಿ ಹಾಕಲೇ?

ಹಳೇ_ಕಂಬ

ಹಾಕಬೇಡಿ.

ಸರಾಸರಿ ಹೊಂದಿತು ಎಂದ ಮಾತ್ರಕ್ಕೆ ಟರ್ಬುಲೆನ್ಸ್ ಹೊಂದಬೇಕೆಂಬ ನಿಯಮ ಎಲ್ಲೂ ಇಲ್ಲ. ಟರ್ಬುಲೆನ್ಸ್ ತೀವ್ರತೆ ಎಂದರೆ ಹತ್ತು ನಿಮಿಷದೊಳಗಿನ ವೇಗದ ಪ್ರಮಾಣಿತ ವಿಚಲನೆಯನ್ನು ಅದೇ ಹತ್ತು ನಿಮಿಷದ ಸರಾಸರಿಯಿಂದ ಭಾಗಿಸಿದ ಸಂಖ್ಯೆ. ಸರಾಸರಿ ಸೆಕೆಂಡಿಗೆ 10 ಮೀಟರ್, ವಿಚಲನೆ 1.2 ಇದ್ದರೆ ಶೇಕಡಾ 12. ಸರಾಸರಿ ತೆಗೆಯುವಾಗ ಸಾಧನದ ಹೆಚ್ಚುಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ವಿಚಲನೆಯಲ್ಲಿ ಆ ಹೆಚ್ಚುಕಡಿಮೆಯೇ ನಮಗೆ ಬೇಕಾದ ಸರಕು. ಸಾಧನದ ಕಣ್ಣಿಗೆ ಬೀಳದ ಸುಳಿ ಲೆಕ್ಕದಿಂದಲೇ ಮಾಯವಾಗುತ್ತದೆ. ಸಾಧನದ್ದೇ ಗದ್ದಲವಿದ್ದರೆ ಅದೂ ಗಾಳಿಯ ಖಾತೆಗೆ ಜಮೆಯಾಗುತ್ತದೆ.

ಮಾಸ್ಟ್ ಮೇಲಿನ ಕಪ್ ಅನಿಮೋಮೀಟರ್ (ಬಟ್ಟಲುಗಳು ತಿರುಗಿ ವೇಗ ಹೇಳುವ ಮಾಪಕ) ಒಂದು ಬಿಂದುವಿನಲ್ಲಿ ಕುಳಿತು ಅಳೆಯುತ್ತದೆ. ಒಳ್ಳೆಯ ಕಪ್ ಆದರೆ ಸುಮಾರು 3 ಮೀಟರ್ ಗಾಳಿ ಹಾದುಹೋಗುವಷ್ಟರಲ್ಲಿ ಹೊಸ ವೇಗಕ್ಕೆ ಬಹುಪಾಲು ಒಗ್ಗಿಕೊಳ್ಳುತ್ತದೆ. ಲಿಡಾರ್‌ನ ಒಂದು ಅಳತೆ ಎಷ್ಟು ಉದ್ದದ ಗಾಳಿಯನ್ನು ಒಟ್ಟಿಗೆ ಕಲಸುತ್ತದೆ ಎಂದು ಅದನ್ನು ಮಾರುವವರನ್ನೇ ಕೇಳಿ. ಉತ್ತರ ಬಂದ ಮೇಲೆ ಸಹಿಯ ಮಾತು.

ಕಿರಣ_ಲೆಕ್ಕ

ನಾನು ಮಾರುವವನಲ್ಲ, ಆದರೆ ಲಿಡಾರ್ ದತ್ತಾಂಶದೊಂದಿಗೇ ದಿನ ಕಳೆಯುವವನು. ಹಳೇ ಕಂಬ ಸರ್ ಹೇಳಿದ್ದು ಅರ್ಧ ಸರಿ. ಲಿಡಾರ್ ಯಾವಾಗಲೂ ಕಡಿಮೆ ತೋರಿಸುತ್ತದೆ ಎಂದು ಅವರ ಮಾತಿನ ಧಾಟಿ. ಅದು ಹೆಚ್ಚನ್ನೂ ತೋರಿಸುತ್ತದೆ. ತೊಡಕು ಇರುವುದು ಅಲ್ಲೇ.

ಮೊದಲು ಕಲಸುವ ಮಾತು. ಬಿಟ್ಟು ಬಿಟ್ಟು ಬೆಳಕಿನ ಮಿಡಿತ ಕಳಿಸುವ ಲಿಡಾರ್‌ಗಳಲ್ಲಿ ಒಂದು ಅಳತೆ ಸುಮಾರು 20 ಮೀಟರ್ ಉದ್ದದ ಗಾಳಿಯ ಸರಾಸರಿ. ಎಡೆಬಿಡದೆ ಬೆಳಕು ಬಿಡುವ ಜಾತಿಯಲ್ಲಿ ಅದು ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬೆಳೆಯುತ್ತದೆ: 100 ಮೀಟರಿನಲ್ಲಿ ಸುಮಾರು 15 ಮೀಟರ್ ಇದ್ದದ್ದು 140ರಲ್ಲಿ 30ರ ಹತ್ತಿರ. ಇದಕ್ಕಿಂತ ಸಣ್ಣ ಸುಳಿಗಳು ನಯವಾಗಿ ಒರೆಸಿಹೋಗುತ್ತವೆ. ಇದು ಟರ್ಬುಲೆನ್ಸ್ ಅನ್ನು ಇಳಿಸುತ್ತದೆ.

ಇನ್ನೊಂದು ಏರಿಸುವ ದೋಷ. ಲಿಡಾರ್ ಒಂದು ಕಿರಣದಿಂದ ಅಡ್ಡಗಾಳಿಯನ್ನು ಅಳೆಯಲಾರದು, ಕಿರಣದ ದಿಕ್ಕಿನಲ್ಲಿ ಬರುವ ಪಾಲನ್ನಷ್ಟೇ ಅಳೆಯುತ್ತದೆ. ಅದಕ್ಕೇ ನಾಲ್ಕು ದಿಕ್ಕಿಗೆ 28 ಡಿಗ್ರಿ ಓರೆಯಾಗಿ ನಾಲ್ಕು ಕಿರಣ, ನೆಟ್ಟಗೆ ಮೇಲಕ್ಕೆ ಒಂದು. ಒಂದೊಂದಕ್ಕೂ ಸುಮಾರು ಒಂದು ಸೆಕೆಂಡು. ಇವನ್ನು ಜೋಡಿಸಿ ಗಾಳಿಯ ವೇಗ ಕಟ್ಟಬೇಕು. ಹಾಗೆ ಕಟ್ಟುವಾಗ ಎಲ್ಲ ಕಿರಣಗಳೂ ಒಂದೇ ಗಾಳಿಯನ್ನು ಕಂಡಿವೆ ಎಂದು ಭಾವಿಸುತ್ತೇವೆ. ಈಗ 140 ಮೀಟರ್ ಎತ್ತರದಲ್ಲಿ ಎದುರುಬದುರು ಕಿರಣಗಳ ನಡುವಿನ ದೂರ ಲೆಕ್ಕ ಹಾಕಿ: ಸುಮಾರು 149 ಮೀಟರ್. ಒಂದು ಕಡೆ ಗಾಳಿ ಮೇಲೇಳುತ್ತಿದ್ದು ಇನ್ನೊಂದು ಕಡೆ ಇಳಿಯುತ್ತಿದ್ದರೆ ಸೂತ್ರ ಅದನ್ನು ಅಡ್ಡಗಾಳಿಯ ಏರಿಳಿತ ಎಂದು ಓದಿಕೊಳ್ಳುತ್ತದೆ.

ಹೀಗೆ ಒಂದು ದೋಷ ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಎರಡೂ ಸಮನಾದ ದಿನ ಲಿಡಾರ್ ಮತ್ತು ಕಪ್ ಅಚ್ಚುಕಟ್ಟಾಗಿ ಹೊಂದುತ್ತವೆ. ಆ ಹೊಂದಿಕೆ ಎತ್ತರ ಬದಲಾದರೆ, ಹೊತ್ತು ಬದಲಾದರೆ ಉಳಿಯುವುದಿಲ್ಲ. ಡೆನ್ಮಾರ್ಕಿನ ಹೊವ್ಸೊರೆ ಪರೀಕ್ಷಾ ಕೇಂದ್ರದ ಅಳತೆಗಳನ್ನು ಬಳಸಿದ 2011ರ ಸಂಶೋಧನೆ ಇದನ್ನೇ ತೋರಿಸಿತು: ದೋಷದ ಗಾತ್ರ ವಾತಾವರಣದ ಸ್ಥಿರತೆಗೆ, ಅಂದರೆ ನೆಲ ಕಾದು ಗಾಳಿ ಮೇಲೇಳುತ್ತಿದೆಯೋ ತಣಿದು ಶಾಂತವಾಗಿದೆಯೋ ಎಂಬುದಕ್ಕೆ, ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಮಧುಗಿರಿಯವರೇ, ನಿಮ್ಮ ಚುಕ್ಕಿಗಳಿಗೆ ಹಗಲೊಂದು ಬಣ್ಣ, ರಾತ್ರಿಯೊಂದು ಬಣ್ಣ ಹಚ್ಚಿ ನೋಡಿ. ಚೆಲ್ಲಾಪಿಲ್ಲಿ ಎಂದು ಕಂಡದ್ದು ಎರಡು ಗುಂಪಾಗಿ ಒಡೆದರೂ ಒಡೆಯಬಹುದು.

ಪಾವಗಡ_ರೈತ

ತಿಳಿದವರ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹೊಲದ ಬದುವಿನಲ್ಲೂ ಇಂಥದೊಂದು ಬಿಳಿ ಪೆಟ್ಟಿಗೆ ಇಟ್ಟು ಸುತ್ತ ತಂತಿಬೇಲಿ ಹಾಕಿದ್ದಾರೆ. ಮೇಲೊಂದು ಗಾಜು, ಪಕ್ಕದಲ್ಲಿ ಸೋಲಾರ್ ಫಲಕ. ಊರಿನಲ್ಲಿ ಇದು ಮೋಡ ಓಡಿಸುವ ಯಂತ್ರವೆಂದು ಸುದ್ದಿ ಹಬ್ಬಿದೆ. ಮಳೆ ತಡವಾದಾಗಲೆಲ್ಲ ನನ್ನ ಕಡೆ ಬೊಟ್ಟು ಮಾಡುತ್ತಾರೆ. ಲೇಸರ್ ಬಿಡುತ್ತದೆಯಂತೆ, ದನಕರುಗಳ ಕಣ್ಣಿಗೆ ತೊಂದರೆ ಇಲ್ಲವೇ? ಇನ್ನೊಂದು ಮಾತು: ಈ ಟರ್ಬುಲೆನ್ಸ್ ಹೆಚ್ಚು ಬಂದರೆ ನನ್ನ ಜಮೀನಿಗೆ ಗೊತ್ತು ಮಾಡಿರುವ ಯಂತ್ರ ಕೈತಪ್ಪುತ್ತದೆಯೇ? ಜಮೀನು ಮಾತಾಡಿಸಿದ ದಲ್ಲಾಳಿ ಈಗ ಫೋನ್ ಎತ್ತುತ್ತಿಲ್ಲ.

ಕಿರಣ_ಲೆಕ್ಕ

ಬೇಸರ ಯಾಕೆ ಅಣ್ಣ, ಕೇಳಲೇಬೇಕಾದ ಪ್ರಶ್ನೆ. ಅದರ ಬೆಳಕು ಕಣ್ಣಿಗೆ ಕಾಣದ ಅವಗೆಂಪು, ತರಂಗಾಂತರ ಸುಮಾರು 1.5 ಮೈಕ್ರೋಮೀಟರ್. ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್‌ನಲ್ಲಿ ಹರಿಯುವುದೂ ಹೆಚ್ಚುಕಡಿಮೆ ಇದೇ ಬೆಳಕು. ಕಣ್ಣಿಗೆ ಸುರಕ್ಷಿತವೆಂದು ಗುರುತಿಸಿದ ವರ್ಗದ ಸಾಧನ ಅದು. ದನಕರು ಬೇಲಿಯ ಪಕ್ಕ ಮೇಯಬಹುದು. ಮೋಡಕ್ಕೂ ಅದರಿಂದ ಏನೂ ಆಗದು. ನಿಜ ಹೇಳಬೇಕೆಂದರೆ ಮೋಡದಿಂದಲೇ ಅದಕ್ಕೆ ಕಾಟ. ಗಾಳಿಯಲ್ಲಿ ತೇಲುವ ದೂಳಿನ ಕಣಗಳಿಂದ ಚೆದುರಿ ಬಂದ ಬೆಳಕಿನಿಂದಲೇ ಅದು ವೇಗ ಅಳೆಯುವುದು. ಮಂಜು ಅಥವಾ ತಗ್ಗಿನ ಮೋಡ ಕವಿದರೆ ದತ್ತಾಂಶ ಕೆಡುತ್ತದೆ. ಮಳೆ ಬಂದು ದೂಳು ತೊಳೆದುಹೋದರೆ ಸಂಕೇತ ಸೊರಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಸೀಮೆಯಲ್ಲಿ ದೂಳಿಗೇನು ಬರ, ಆಗ ಅದು ಚೆನ್ನಾಗಿಯೇ ಓಡುತ್ತದೆ.

ಜಮೀನಿನ ಪ್ರಶ್ನೆಗೆ ಲೋಡ್ ಲೆಕ್ಕ ಮೇಡಂ ಉತ್ತರಿಸಿದರೆ ಚೆನ್ನ.

ಲೋಡ್_ಲೆಕ್ಕ

ಕೈತಪ್ಪಬಹುದು ಅಣ್ಣ. ಸುಳ್ಳು ಭರವಸೆ ಕೊಡುವುದಿಲ್ಲ. ಒಂದು ಜಾಗದಲ್ಲಿ ಟರ್ಬುಲೆನ್ಸ್ ಹೆಚ್ಚಾದರೆ ಯಂತ್ರವನ್ನು ಪಕ್ಕಕ್ಕೆ ಸರಿಸುತ್ತಾರೆ, ಇಲ್ಲವೇ ಕೆಲವು ದಿಕ್ಕಿನ ಗಾಳಿಯಲ್ಲಿ ಅದನ್ನು ನಿಲ್ಲಿಸುವಂತೆ ಹೊಂದಿಸುತ್ತಾರೆ, ಇಲ್ಲವೇ ಆ ಜಾಗವನ್ನೇ ಕೈಬಿಡುತ್ತಾರೆ. ಅಳತೆ ತಪ್ಪಾಗಿ ಹೆಚ್ಚು ತೋರಿಸಿದರೂ ಇದೇ ಗತಿ. ಒಪ್ಪಂದದಲ್ಲಿ ಜಾಗ ಬದಲಾದರೆ ಏನು ಎಂಬ ಷರತ್ತು ಇದೆಯೇ ಎಂದು ವಕೀಲರಿಗೆ ತೋರಿಸಿ.

ಈಗ ಮಧುಗಿರಿಯವರಿಗೆ. ಹೊಂದುತ್ತದೆಯೋ ಇಲ್ಲವೋ ಎಂದು ಕೇಳುವುದೇ ದಾರಿ ತಪ್ಪಿಸುತ್ತದೆ. ಯಾವ ಕೆಲಸಕ್ಕೆ, ಯಾವ ವೇಗದಲ್ಲಿ, ಹಂಚಿಕೆಯ ಯಾವ ತುದಿಯಲ್ಲಿ ಹೊಂದಬೇಕು ಎಂದು ಕೇಳಿ. ಅಂತರರಾಷ್ಟ್ರೀಯ ವಿದ್ಯುತ್ ತಂತ್ರ ಸಂಸ್ಥೆಯಾದ ಐಇಸಿಯ 61400-1 ಮಾನದಂಡ ಯಂತ್ರಗಳನ್ನು ಟರ್ಬುಲೆನ್ಸ್ ಪ್ರಕಾರ ವರ್ಗ ಮಾಡುತ್ತದೆ: ಎ ವರ್ಗಕ್ಕೆ 0.16, ಬಿಗೆ 0.14, ಸಿಗೆ 0.12, 2019ರ ಆವೃತ್ತಿಯಲ್ಲಿ 0.18ರ ಎ ಪ್ಲಸ್ ಕೂಡ ಬಂತು. ಈ ಅಂಕಿಯನ್ನು ವೇಗದ 0.75 ಪಾಲು ಮತ್ತು 5.6 ಕೂಡಿಸಿದ ಮೊತ್ತದಿಂದ ಗುಣಿಸಿದರೆ ಆ ವೇಗದಲ್ಲಿ ಯಂತ್ರ ತಡೆಯಬೇಕಾದ ವಿಚಲನೆ ಸಿಗುತ್ತದೆ. 15 ಮೀಟರ್ ವೇಗದಲ್ಲಿ ಸಿ ವರ್ಗಕ್ಕೆ 2.02, ಅಂದರೆ ಶೇಕಡಾ 13.5. ಬಿ ವರ್ಗಕ್ಕೆ 15.7, ಎ ವರ್ಗಕ್ಕೆ 18. ಇದು ಸರಾಸರಿಯ ಮಿತಿ ಎಂದು ಓದಿಕೊಂಡರೆ ಕೆಟ್ಟಿರಿ. ಇದು ಶೇಕಡಾ 90ರ ಮಟ್ಟ, ಅಂದರೆ ನೂರರಲ್ಲಿ ತೊಂಬತ್ತು ಅಳತೆ ಇದರ ಕೆಳಗಿರಬೇಕು. ಅದಕ್ಕಾಗಿಯೇ ಸ್ಥಳದ ಅಳತೆಯಲ್ಲೂ ಪ್ರತಿ ವೇಗದ ಬಿನ್‌ಗೆ (ಹತ್ತಿರದ ವೇಗಗಳ ಗುಂಪಿಗೆ) ಟರ್ಬುಲೆನ್ಸ್‌ನ ಸರಾಸರಿ ತೆಗೆದು, ಅದರ ಹರವಿನ 1.28 ಪಟ್ಟನ್ನು ಕೂಡಿಸಿ, ಅದನ್ನು ಪ್ರಾತಿನಿಧಿಕ ಮೌಲ್ಯ ಎನ್ನುತ್ತೇವೆ.

ಮೇಲಿನ ತುದಿಗೆ ಯಾಕೆ ಇಷ್ಟು ಮರ್ಯಾದೆ? ಲೋಹವಾಗಲಿ ನಾರಿನ ರೆಕ್ಕೆಯಾಗಲಿ ದಣಿಯುವುದು ಸರಾಸರಿಗೆ ತಕ್ಕಂತಲ್ಲ. ಒಂದು ಗಂಟೆ ಶೇಕಡಾ 10, ಇನ್ನೊಂದು ಗಂಟೆ ಶೇಕಡಾ 20 ಟರ್ಬುಲೆನ್ಸ್ ಇತ್ತೆನ್ನಿ. ಸರಾಸರಿ 15. ದಣಿವು ಟರ್ಬುಲೆನ್ಸ್‌ನ ಎಷ್ಟನೆಯ ಘಾತದಂತೆ ಬೆಳೆಯುತ್ತದೆ ಎಂಬುದಕ್ಕೆ ಉಕ್ಕಿನ ಗೋಪುರಕ್ಕೆ ಬಳಸುವ ಘಾತ 4 ಹಿಡಿದು ಲೆಕ್ಕ ಹಾಕಿದರೆ ಎರಡೂ ಸೇರಿ ಶೇಕಡಾ 17.1ಕ್ಕೆ ಸಮ. ರೆಕ್ಕೆಗೆ ಬಳಸುವ ಘಾತ 10 ಹಿಡಿದರೆ 18.7. ರೆಕ್ಕೆಯ ಪಾಲಿಗೆ ಆ ಸಾಧಾರಣ ಗಂಟೆ ಇದ್ದೂ ಇಲ್ಲದಂತೆ. ಸರಾಸರಿ ಟರ್ಬುಲೆನ್ಸ್ ಹೊಂದಿಸಿ ತೋರಿಸಿ, ಜೋರಿನ ಗಂಟೆಗಳನ್ನು ಕಡಿಮೆ ಅಳೆಯುವ ಸಾಧನ ನನ್ನ ದೃಷ್ಟಿಯಲ್ಲಿ ಫೇಲು.

ಮಧುಗಿರಿ_ಮಾರುತ

ಧನ್ಯವಾದ ಮೇಡಂ. ವರದಿಯಲ್ಲಿ ಎಲ್ಲ ವೇಗಗಳನ್ನೂ ಒಟ್ಟು ಹಾಕಿ ಒಂದೇ ಚಿತ್ರ, ಒಂದೇ ಗೆರೆ. ಬಿನ್ ಪ್ರಕಾರ ಏನೂ ಇಲ್ಲ. ಶೇಕಡಾ 90ರ ಮಾತೇ ಇಲ್ಲ. ಹಗಲು–ರಾತ್ರಿ ಬೇರೆ ಮಾಡಿಲ್ಲ.

ಶಿರಾ_ಸೀಮೆ

ಆಷಾಢದಲ್ಲಿ ಹೋಲಿಸಿದರು ಎಂದಿರಿ. ನನ್ನ ಅನುಮಾನ ಅಲ್ಲಿಂದಲೇ ಶುರು.

ಆಷಾಢದಲ್ಲಿ ನಮ್ಮ ಕಡೆ ಪಡುವಣ ಗಾಳಿ ಹಗಲೂ ರಾತ್ರಿಯೂ ಒಂದೇ ಸಮ ಬೀಸುತ್ತದೆ. ಮೋಡ ಕವಿದು ನೆಲ ಕಾಯುವುದೂ ಕಡಿಮೆ, ರಾತ್ರಿ ತಣಿಯುವುದೂ ಕಡಿಮೆ. ಗಾಳಿ ಜೋರಾಗಿರುವುದರಿಂದ ವಾತಾವರಣ ಚೆನ್ನಾಗಿ ಕಲಸಿಕೊಂಡಿರುತ್ತದೆ. ಲಿಡಾರ್‌ಗೆ ಇದಕ್ಕಿಂತ ಒಳ್ಳೆಯ ಹವೆ ಸಿಗದು. ಶಿವರಾತ್ರಿ ಕಳೆದ ಮೇಲಿನ ಮಧ್ಯಾಹ್ನಗಳನ್ನು ನೆನೆಸಿಕೊಳ್ಳಿ: ಶಿರಾ ಬಯಲಿನಲ್ಲಿ ಕೆಂಪು ದೂಳಿನ ಸುಳಿಗಾಳಿ ಕಂಬದಂತೆ ಎದ್ದು ನಡೆಯುತ್ತದೆ. ಕಾದ ನೆಲದಿಂದ ದೊಡ್ಡ ದೊಡ್ಡ ಉಬ್ಬರಗಳು ಮೇಲೇಳುವ ಆ ಹೊತ್ತಿನಲ್ಲಿ ಕಿರಣ ಲೆಕ್ಕದವರು ಹೇಳಿದ ಏರಿಸುವ ದೋಷ ಮೇಲುಗೈ. ಮಾಗಿಯ ರಾತ್ರಿಗಳಲ್ಲಿ ಆಕಾಶ ತಿಳಿ, ನೆಲ ತಣ್ಣಗೆ, ಸುಳಿಗಳೆಲ್ಲ ಸಣ್ಣವು. ಆಗ ಇಳಿಸುವ ದೋಷದ ಕಾಲ. ಈ ಎರಡು ಹವೆಯಲ್ಲೂ ಹೋಲಿಸದೆ ವರ್ಷಪೂರ್ತಿಯ ಅಂಕಿಗೆ ಮುದ್ರೆ ಒತ್ತುವುದು ಹೇಗೆ?

ಇನ್ನೊಂದು ಚಿಕ್ಕ ಮಾತು. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಮಳೆಗೆ ಮುಂಚೆ ಗಾಳಿ ಐದೇ ನಿಮಿಷದಲ್ಲಿ ನಾಲ್ಕರಿಂದ ಹದಿನೈದಕ್ಕೆ ಏರಿತೆನ್ನಿ. ಆ ಹತ್ತು ನಿಮಿಷದ ವಿಚಲನೆ ಭಾರಿ ದೊಡ್ಡದು, ಆದರೆ ಅದು ಸುಳಿಯಲ್ಲ, ಬರಿಯ ಏರು. ಅದನ್ನು ಕಪ್ ಕೂಡ ಕಾಣುತ್ತದೆ, ಲಿಡಾರ್ ಕೂಡ ಕಾಣುತ್ತದೆ. ಇಂಥ ಗಳಿಗೆಗಳು ಒಂದಷ್ಟು ಸೇರಿಕೊಂಡರೆ ಹೋಲಿಕೆಯ ಗೆರೆ ಇರುವುದಕ್ಕಿಂತ ಚೆಂದ ಕಾಣುತ್ತದೆ. ಏರನ್ನು ಕಳೆದು ಒಮ್ಮೆ, ಕಳೆಯದೆ ಒಮ್ಮೆ ಹೋಲಿಸಬೇಕು.

ಕಿರಣ_ಲೆಕ್ಕ

ಶಿರಾದವರ ಮಾತು ಒಪ್ಪುತ್ತೇನೆ, ಆದರೆ ಒಂದು ತಕರಾರು. ಯಂತ್ರಕ್ಕೆ ಹೆಚ್ಚು ಪೆಟ್ಟು ಬೀಳುವುದು ಗಾಳಿ ಜೋರಾಗಿರುವ ತಿಂಗಳುಗಳಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಆ ಕಾಲದಲ್ಲೇ ಹೋಲಿಸಿದ್ದಾರಲ್ಲ? ಮಾಗಿಯ ರಾತ್ರಿ ಗಾಳಿ ನಾಲ್ಕೋ ಐದೋ ಇರುವಾಗ ಟರ್ಬುಲೆನ್ಸ್ ಎಷ್ಟಿದ್ದರೇನು, ಯಂತ್ರ ಅರೆನಿದ್ದೆಯಲ್ಲಿರುತ್ತದೆ. ಎಲ್ಲ ಋತುವಿಗೂ ಸಮಾನ ಅಂಕ ಕೊಡುವುದು ನ್ಯಾಯವಲ್ಲ.

ಲೋಡ್_ಲೆಕ್ಕ

ಯಂತ್ರದ ದಣಿವಿನ ಮಟ್ಟಿಗೆ ಕಿರಣ ಲೆಕ್ಕದವರ ಪಾಯಿಂಟು ಸರಿ. ಆಷಾಢದ ಹೋಲಿಕೆ ದಂಡವಾಗಿಲ್ಲ. ಜೋರಿನ ವೇಗದ ಬಿನ್‌ಗಳು ತುಂಬುವುದೇ ಆಗ. ಆದರೆ ಟರ್ಬುಲೆನ್ಸ್ ಅಂಕಿಗೆ ಒಂದೇ ಗಿರಾಕಿ ಅಲ್ಲ. ಮುಂದಿನ ಯಂತ್ರದ ನೆರಳುಗಾಳಿ (ರೆಕ್ಕೆ ದಾಟಿ ಬರುವ ಸೊರಗಿ ಕದಡಿದ ಗಾಳಿ) ಹಿಂದಿನ ಯಂತ್ರಕ್ಕೆ ಎಷ್ಟು ದೂರದವರೆಗೆ ಕಾಡುತ್ತದೆ ಎಂಬ ಲೆಕ್ಕವೂ ಇದನ್ನೇ ಬೇಡುತ್ತದೆ. ಶಾಂತವಾದ ರಾತ್ರಿಗಳಲ್ಲಿ ನೆರಳು ಕಲಸಿಹೋಗದೆ ದೂರದವರೆಗೆ ಉಳಿಯುತ್ತದೆ. ಅಲ್ಲಿ ಲಿಡಾರ್ ಟರ್ಬುಲೆನ್ಸ್ ಅನ್ನು ಇನ್ನೂ ಕಡಿಮೆ ತೋರಿಸಿದರೆ ನಷ್ಟದ ಅಂದಾಜು ಉಬ್ಬುತ್ತದೆ, ವಿದ್ಯುತ್ತಿನ ಅಂದಾಜು ಕುಗ್ಗುತ್ತದೆ. ಒಂದೇ ಇಳಿಕೆ ಒಬ್ಬರಿಗೆ ಲಾಭದಂತೆ, ಇನ್ನೊಬ್ಬರಿಗೆ ನಷ್ಟದಂತೆ ಕಾಣುತ್ತದೆ.

ಯಂತ್ರಗಳು ಹತ್ತಿರ ಹತ್ತಿರ ಇದ್ದರೆ ಸಹಜ ಟರ್ಬುಲೆನ್ಸ್‌ನ ತಪ್ಪು ಸ್ವಲ್ಪ ತೆಳುವಾಗುತ್ತದೆ ಎಂಬುದೂ ನೆನಪಿರಲಿ. ಸಹಜದ್ದು ಶೇಕಡಾ 10, ಪಕ್ಕದ ಯಂತ್ರ ಸೇರಿಸುವುದು 10 ಎಂದರೆ ಒಟ್ಟು 20 ಆಗುವುದಿಲ್ಲ, ಎರಡು ಸಂಖ್ಯೆಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 14.1. ಸಹಜದ್ದು 11 ಆದರೆ 14.9. ಹತ್ತರಲ್ಲಿ ಒಂದು ಪಾಲಿನ ತಪ್ಪು ಕೊನೆಗೆ ಇಪ್ಪತ್ತರಲ್ಲಿ ಒಂದು ಪಾಲಷ್ಟಾಗಿ ಉಳಿಯುತ್ತದೆ. ಸಾಲಿನ ಮೊದಲ ಯಂತ್ರಕ್ಕೆ ಆ ರಿಯಾಯಿತಿ ಇಲ್ಲ.

ತುಮಕೂರು_ಬಂಡವಾಳ

ನೀವು ಹೇಳುವುದೆಲ್ಲ ಕೇಳಿದರೆ 140 ಮೀಟರಿನ ಮಾಸ್ಟ್ ನಿಲ್ಲಿಸಿ ಎಂದು ಅರ್ಥ. ಗುಡ್ಡದ ನೆತ್ತಿಗೆ ಅಷ್ಟು ಕಬ್ಬಿಣ ಸಾಗಿಸುವ ದಾರಿ ಯಾರು ಮಾಡುತ್ತಾರೆ? ಬಿಗಿತಂತಿಗಳಿಗೆ ಸುತ್ತ ಎಕರೆಗಟ್ಟಲೆ ಜಾಗ ಬೇಕು. ಕೆಳಗೆ ಬಂಡೆ, ಪಕ್ಕದ ಸರ್ವೆ ನಂಬರ್ ಅರಣ್ಯದ್ದು, ಅನುಮತಿಯ ಕಡತ ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಎರಡು ಗಾಳಿಗಾಲ ಮುಗಿಯುತ್ತದೆ. ಲಿಡಾರ್ ಆದರೆ ಪಿಕಪ್ ಗಾಡಿಯಲ್ಲಿ ಹೋಗುತ್ತದೆ, ಸಂಜೆಯೊಳಗೆ ಅಳತೆ ಶುರು. ಖಂಭಾತ್ ಕೊಲ್ಲಿಯಲ್ಲಿ 2017ರಲ್ಲಿ ಸಮುದ್ರದ ಮೇಲೆ ವೇದಿಕೆ ಕಟ್ಟಿ ಲಿಡಾರ್ ಇಟ್ಟದ್ದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯೇ. ಸರ್ಕಾರಿ ಸಂಸ್ಥೆಗೆ ಆಗುವ ಸಾಧನ ನಮ್ಮ ಗುಡ್ಡಕ್ಕೆ ಆಗದೇ?

ಹಳೇ_ಕಂಬ

ಸಮುದ್ರ ಚಪ್ಪಟೆ, ಸ್ವಾಮಿ. ನಿಮ್ಮ ಗುಡ್ಡ ಚಪ್ಪಟೆಯಲ್ಲ.

ಕಿರಣ_ಲೆಕ್ಕ

ಬಂಡವಾಳದವರ ಸಂಕಟ ನಿಜವಾದದ್ದು. ಜೊತೆಗೆ, ಮಾಸ್ಟ್ ಏನೂ ಸತ್ಯಹರಿಶ್ಚಂದ್ರನಲ್ಲ. ಕಂಬದ ಹಿಂದೆ ಸಿಕ್ಕ ಕಪ್ ಕಂಬದ್ದೇ ಸುಳಿಗಳನ್ನು ಅಳೆಯುತ್ತದೆ. ಆ ದಿಕ್ಕುಗಳನ್ನು ಕಿತ್ತುಹಾಕದೆ ಹೋಲಿಸಿದರೆ ತಪ್ಪು ಲಿಡಾರ್ ಹೆಗಲಿಗೇರುತ್ತದೆ. ಬೇರಿಂಗ್ ಸವೆದ ಕಪ್ ನಿಧಾನವಾಗುತ್ತದೆ. ಕಪ್ ಗಾಳಿ ಏರುವಾಗ ಬೇಗ ಓಡಿ ಇಳಿಯುವಾಗ ತಡವಾಗಿ ನಿಲ್ಲುವ ಚಾಳಿಯದು, ಸರಾಸರಿಯನ್ನೇ ಕೊಂಚ ಎತ್ತುತ್ತದೆ. ಹೀಗಿರುವಾಗ ಕಪ್ ಹೇಳಿದ್ದೇ ವೇದವೆಂದು ಲಿಡಾರ್ ಅನ್ನು ಅದರ ಮುಂದೆ ಕೈಕಟ್ಟಿ ನಿಲ್ಲಿಸುವುದು ಯಾಕೆ?

ಲೋಡ್_ಲೆಕ್ಕ

ಯಾಕೆಂದರೆ ಕರಾರು ಕಪ್ಪಿನ ಅಳತೆಯಲ್ಲಿ ಬರೆದಿದೆ. ಸೇರಿನ ಲೆಕ್ಕದಲ್ಲಿ ಗೇಣಿ ಒಪ್ಪಿಕೊಂಡವನು ಕಿಲೋ ಲೆಕ್ಕದಲ್ಲಿ ರಾಗಿ ತಂದು ಸುರಿದರೆ, ತಕ್ಕಡಿ ಎಷ್ಟೇ ನಿಖರವಾಗಿರಲಿ, ಮೊದಲು ಸೇರಿಗೆ ಎಷ್ಟು ಕಿಲೋ ಎಂದು ತೀರ್ಮಾನವಾಗಬೇಕು. ಯಂತ್ರದ ವರ್ಗಗಳು, ವಿನ್ಯಾಸದ ಮಾದರಿಗಳು, ಇಷ್ಟು ವರ್ಷದ ಅನುಭವ ಎಲ್ಲವೂ ಒಂದು ಬಿಂದುವಿನಲ್ಲಿ ಅಳೆದ ಟರ್ಬುಲೆನ್ಸ್ ಮೇಲೆ ನಿಂತಿವೆ. 70 ಮೀಟರ್ ಉದ್ದದ ರೆಕ್ಕೆ ಬಿಂದುವಿನ ಗಾಳಿಯನ್ನು ತಿನ್ನುವುದಿಲ್ಲ, ನಿಜ. ಮುಂದೊಂದು ದಿನ ಲಿಡಾರ್ ಕಂಡ ಗಾಳಿಯಿಂದಲೇ ನೇರವಾಗಿ ಲೋಡ್ (ಯಂತ್ರದ ಮೇಲೆ ಬೀಳುವ ಹೊರೆ) ಕಟ್ಟುವ ಪದ್ಧತಿ ನೆಲೆಯೂರಬಹುದು. ಇಂದಿನ ಪ್ರಮಾಣಪತ್ರಕ್ಕೆ ಕಪ್ಪಿನ ಭಾಷೆಯಲ್ಲೇ ಉತ್ತರ ಬೇಕು.

ತಿಪಟೂರು_ತೆಂಗು

ಶಬ್ದದಿಂದ ಗಾಳಿ ಅಳೆಯುವ ಸೋಡಾರ್ ಇದಕ್ಕಿಂತ ಅಗ್ಗವಲ್ಲವೇ? ನಮ್ಮ ತೋಟದ ಪಕ್ಕ ಒಂದು ಕಾಲದಲ್ಲಿ ಇಟ್ಟಿದ್ದರು, ರಾತ್ರಿಯೆಲ್ಲ ಚೀಂವ್ ಚೀಂವ್ ಎನ್ನುತ್ತಿತ್ತು.

ಹಳೇ_ಕಂಬ

ಸರಾಸರಿ ವೇಗಕ್ಕೆ ಪರವಾಗಿಲ್ಲ, ಟರ್ಬುಲೆನ್ಸ್‌ಗೆ ಮರೆತುಬಿಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ; 200 ಮೀಟರ್ ಎತ್ತರಕ್ಕೆ ಹೋಗಿ ಬರಲು ಒಂದು ಸೆಕೆಂಡಿಗೂ ಹೆಚ್ಚು. ಒಂದೊಂದೇ ದಿಕ್ಕಿಗೆ ಕೂಗಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಗಾಳಿ ಬೇರೆಯಾಗಿರುತ್ತದೆ. ತೋಟದ ಪಕ್ಕ ಇಟ್ಟವರಿಗೆ ತೆಂಗಿನ ಮರಗಳ ಪ್ರತಿಧ್ವನಿಯೂ ಬಂದಿರಬೇಕು. ಅಲುಗದ ವಸ್ತುವಿನಿಂದ ಬರುವ ಪ್ರತಿಧ್ವನಿ ಗಾಳಿ ನಿಂತಿದೆ ಎಂದೇ ಹೇಳುತ್ತದೆ. ಮಧುಗಿರಿಯ ಏಕಶಿಲೆಯ ಮಗ್ಗುಲಲ್ಲಿಟ್ಟರಂತೂ ಬಂಡೆಯ ಮಾತೇ ಕೇಳಿಸೀತು.

ಮಧುಗಿರಿ_ಮಾರುತ

ಹಗಲು–ರಾತ್ರಿ ಬಣ್ಣ ಹಚ್ಚಿ ನೋಡಿದೆ. ಆಷಾಢದ ದತ್ತಾಂಶದಲ್ಲೇ ಮಧ್ಯಾಹ್ನದ ಚುಕ್ಕಿಗಳು ಗೆರೆಯ ಮೇಲ್ಗಡೆ, ನಸುಕಿನವು ಕೆಳಗಡೆ ವಾಲಿವೆ. ದೊಡ್ಡ ಅಂತರವಲ್ಲ, ಆದರೆ ಎದ್ದು ಕಾಣುತ್ತದೆ.

ಇದನ್ನು ವರದಿ ಬರೆದ ಸಲಹೆಗಾರರಿಗೆ ಕಳಿಸಿದ್ದಕ್ಕೆ ಹೊಸ ಉತ್ತರ ಬಂದಿದೆ. ಲಿಡಾರ್ ಟರ್ಬುಲೆನ್ಸ್ ಅನ್ನು ಮಾಸ್ಟ್‌ಗೆ ಹೊಂದಿಸುವ ತಿದ್ದುಪಡಿ ಸೂತ್ರವಿದೆಯಂತೆ. ಅದನ್ನು ಹಾಕಿದ ಮೇಲೆ ಸರಾಸರಿ ವ್ಯತ್ಯಾಸ ಸೊನ್ನೆ. ಸೂತ್ರದ ಒಳಗೇನಿದೆ ಎಂದು ಹೇಳುವುದಿಲ್ಲ, ಅದು ಅವರ ಸ್ವತ್ತು. ಪ್ರತಿ ಕಿರಣದ ಕಚ್ಚಾ ದತ್ತಾಂಶ ಕೇಳಿದರೆ, ಹತ್ತು ನಿಮಿಷದ ಕಡತ ಮಾತ್ರ ಉಳಿಸಿಕೊಂಡಿದ್ದೇವೆ ಎನ್ನುತ್ತಾರೆ.

ಲೋಡ್_ಲೆಕ್ಕ

ಯಾವ ದತ್ತಾಂಶದಿಂದ ಸೂತ್ರ ಕಟ್ಟಿದರೋ ಅದರ ಮೇಲೇ ಪರೀಕ್ಷಿಸಿ ಸೊನ್ನೆ ತೋರಿಸುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಗೆರೆ ಎಳೆಯುವ ಗಣಿತವೇ ಸರಾಸರಿ ವ್ಯತ್ಯಾಸವನ್ನು ಸೊನ್ನೆ ಮಾಡುವಂಥದ್ದು. ಬೇರೆ ವಾರಗಳ ದತ್ತಾಂಶದ ಮೇಲೆ, ಸಾಧ್ಯವಾದರೆ ಬೇರೆ ಮಾಸ್ಟ್ ಮೇಲೆ ತೋರಿಸಲಿ.

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ, ಯಾರೂ ಬೇಕೆಂದು ಮಾಡುವುದಲ್ಲ. ಚೆಲ್ಲಾಪಿಲ್ಲಿಯಾದ ಚುಕ್ಕಿಗಳಿಗೆ ಸರಳ ಗೆರೆ ಎಳೆದು, ಆ ಗೆರೆಯಿಂದ ಕಪ್ಪಿನ ಟರ್ಬುಲೆನ್ಸ್ ಅಂದಾಜು ಮಾಡಿದರೆ ಸರಾಸರಿ ಸರಿಹೋಗುತ್ತದೆ, ಹರವು ಕುಗ್ಗುತ್ತದೆ. ಎರಡರ ಸಹಸಂಬಂಧ 0.8 ಇದ್ದರೆ ಅಂದಾಜಿನ ಹರವು ನಿಜದ ಹರವಿನ 0.8 ಪಾಲು ಮಾತ್ರ. ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. 15 ಮೀಟರ್ ಬಿನ್‌ನಲ್ಲಿ ಕಪ್ ಪ್ರಕಾರ ಟರ್ಬುಲೆನ್ಸ್‌ನ ಸರಾಸರಿ 10.5, ಹರವು 2.5. ಪ್ರಾತಿನಿಧಿಕ ಮೌಲ್ಯ 13.7; ಸಿ ವರ್ಗದ ಮಿತಿಯಾದ 13.5 ದಾಟಿತು. ತಿದ್ದಿದ ಲಿಡಾರ್ ಪ್ರಕಾರ ಸರಾಸರಿ ಅದೇ 10.5, ಹರವು 2.0. ಪ್ರಾತಿನಿಧಿಕ ಮೌಲ್ಯ 13.1, ಸಿ ವರ್ಗದಲ್ಲಿ ಪಾಸು. ಗಾಳಿ ಅದೇ, ಗುಡ್ಡ ಅದೇ, ಯಂತ್ರ ಮಾತ್ರ ಒಂದು ದರ್ಜೆ ಹಗುರ. ವ್ಯತ್ಯಾಸ ಸೊನ್ನೆ ಎಂದು ಬರೆದ ವರದಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಆದ್ದರಿಂದ ಕೇಳಬೇಕಾದ್ದು ಪ್ರತಿ ಬಿನ್‌ನಲ್ಲಿ ಸರಾಸರಿಯ ವ್ಯತ್ಯಾಸ, ಹರವಿನ ವ್ಯತ್ಯಾಸ, ಪ್ರಾತಿನಿಧಿಕ ಮೌಲ್ಯದ ವ್ಯತ್ಯಾಸ, ಮೂರೂ ಬೇರೆ ಬೇರೆಯಾಗಿ. ಜೊತೆಗೆ ಬಿನ್‌ನಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದು. ಯಂತ್ರಗಳಿಗೆ ಪ್ರಮಾಣಪತ್ರ ಕೊಡುವ ಡಿಎನ್‌ವಿ ಸಂಸ್ಥೆ 2023ರಲ್ಲಿ ಲಿಡಾರ್ ಟರ್ಬುಲೆನ್ಸ್‌ಗೆಂದೇ ಆರ್‌ಪಿ-0661 ಎಂಬ ಶಿಫಾರಸು ಹೊರತಂದಿದೆ. ಅದನ್ನು ಅನುಸರಿಸಿದ್ದೀರಾ ಎಂದು ಒಂದೇ ಸಾಲಿನಲ್ಲಿ ಕೇಳಿ. 2022ರ ಐಇಸಿ 61400-50-2 ತೋರಿಸಿ ಜಾರಿಕೊಳ್ಳುವವರಿದ್ದಾರೆ. ನೆಲದ ಸಾಧನಗಳ ಆ ಮಾನದಂಡದ ಗಮನ ಮುಖ್ಯವಾಗಿ ವೇಗದ ಅಳತೆ.

ಕಿರಣ_ಲೆಕ್ಕ

ಕಚ್ಚಾ ದತ್ತಾಂಶ ಉಳಿಸಿಲ್ಲ ಎಂದದ್ದು ಕೇಳಿ ಹೊಟ್ಟೆ ಉರಿಯಿತು. ಕಿರಣ ಕಿರಣದ ವಿಚಲನೆಯನ್ನೇ ತೆಗೆದುಕೊಂಡು ಅದರಿಂದ ಗಾಳಿಯ ವಿಚಲನೆ ಕಟ್ಟುವ ವಿಧಾನಗಳಿವೆ. ಅವುಗಳಲ್ಲಿ ಎದುರು ಕಿರಣಗಳ ಕಲಬೆರಕೆ ಬಹಳಷ್ಟು ತಪ್ಪುತ್ತದೆ. ನೆಟ್ಟಗಿನ ಐದನೆಯ ಕಿರಣ ಮೇಲಿಳಿ ಗಾಳಿಯ ವಿಚಲನೆಯನ್ನು ನೇರವಾಗಿ ಕೊಡುತ್ತದೆ. ಹತ್ತು ನಿಮಿಷದ ಕಡತದಿಂದ ಇದ್ಯಾವುದನ್ನೂ ಮರಳಿ ಪಡೆಯಲಾಗದು. ಸಾಧನ ಈಗಲೂ ಗುಡ್ಡದ ಮೇಲಿದ್ದರೆ ಇಂದೇ ಕಚ್ಚಾ ಕಡತ ಉಳಿಸಲು ಹೇಳಿ. ನೆನಪಿನ ಕಾರ್ಡಿಗೆ ಏನು ದುಡ್ಡು?

ಸಾಧನದ ತಂತ್ರಾಂಶ ಹೋಲಿಕೆಯ ಹೊತ್ತಿಗೆ ಯಾವ ಆವೃತ್ತಿ, ಈಗ ಯಾವುದು ಎಂದೂ ಕೇಳಿ. ಸರಾಸರಿ ತೆಗೆಯುವ ರೀತಿ ನಡುವೆ ಬದಲಾಗಿದ್ದರೆ ಹೋಲಿಕೆಯೇ ಅಸಿಂಧು.

ಹಳೇ_ಕಂಬ

ಎಲ್ಲರೂ ಹೋಲಿಕೆಯ ಹಿಂದೆ ಬಿದ್ದಿದ್ದೀರಿ. ನಾನು ಜಾಗದ ಹಿಂದೆ ಬೀಳುತ್ತೇನೆ. ಹೋಲಿಸಿದ್ದು ಕೆಳಗಿನ ಬಯಲಿನಲ್ಲಿ, ಅಳೆದದ್ದು ಮೇಲಿನ ನೆತ್ತಿಯಲ್ಲಿ. ಬಯಲಿನಲ್ಲಿ ಎದುರುಬದುರು ಕಿರಣಗಳು ಒಂದೇ ಗಾಳಿ ಕಾಣುತ್ತವೆ ಎಂದು ಒಪ್ಪೋಣ. ನೆತ್ತಿಯ ಮೇಲೆ ಗಾಳಿ ಪಡುವಣ ಇಳಿಜಾರು ಹತ್ತುತ್ತಾ ಬಂದು ಮೂಡಣಕ್ಕೆ ಬಾಗುತ್ತದೆ. ಒಂದು ಕಿರಣಕ್ಕೆ ಏರುಗಾಳಿ, ಎದುರಿನದಕ್ಕೆ ಇಳಿಗಾಳಿ. ಇಲ್ಲಿ ಸರಾಸರಿ ವೇಗವೇ ಕೆಲವು ಶೇಕಡಾ ತಪ್ಪುತ್ತದೆ. ಅದಕ್ಕೆ ಕಂಪ್ಯೂಟರ್ ಹರಿವಿನ ಮಾದರಿಯಿಂದ ತಿದ್ದುಪಡಿ ಹಾಕುತ್ತಾರೆ, ಹಾಕಲಿ. ಟರ್ಬುಲೆನ್ಸ್‌ಗೆ ಅದೇ ತಿದ್ದುಪಡಿ ಸಾಕೆಂದು ಯಾರು ಹೇಳಿದರು?

ಇಳಿಜಾರು ಸುಮಾರು ಶೇಕಡಾ 30ಕ್ಕಿಂತ ಕಡಿದಾದರೆ ಗಾಳಿ ನೆಲ ಬಿಟ್ಟು ಹಿಂದೆ ಸುಳಿಯೇಳುತ್ತದೆ. ಆ ಭಾಗದ ಗುಡ್ಡಗಳು ಮಣ್ಣಿನ ದಿಬ್ಬಗಳಲ್ಲ, ನೆಟ್ಟಗೆ ಎದ್ದ ಬಂಡೆಗಳು. ಲಿಡಾರ್ ಇಟ್ಟ ಜಾಗದಿಂದ ಪಡುವಣಕ್ಕೆ, ಗಾಳಿ ಬರುವ ದಿಕ್ಕಿನಲ್ಲಿ, ಏನಿದೆ ಎಂದು ಹೋಗಿ ನೋಡಿದ್ದೀರಾ?

ಮಧುಗಿರಿ_ಮಾರುತ

ನೋಡಿ ಬಂದೆ ಸರ್. ಪಡುವಣಕ್ಕೆ ದುಂಡು ಬಂಡೆಗಳ ರಾಶಿ, ಅದರ ಬುಡದಲ್ಲಿ ಕಮರಿ, ಕಮರಿಯಲ್ಲಿ ಹುಣಸೆ ಮರಗಳು. ಪೆಟ್ಟಿಗೆಯನ್ನು ಗಾಡಿ ನಿಲ್ಲಲು ಅನುಕೂಲವಾದ ಕಡೆ ಇಳಿಸಿದ್ದಾರೆ. ಯಂತ್ರಗಳು ಬರುವುದು ಅದಕ್ಕಿಂತ ತೆಂಕಣಕ್ಕೆ, ತೆರೆದ ಜಾಗದಲ್ಲಿ.

ನಿನ್ನೆ ಟಿಪ್ಪಣಿ ಬರೆದು ಕಳಿಸಿದೆ. ಲಿಡಾರ್‌ನ ಸರಾಸರಿ ವೇಗ ಮತ್ತು 100ರಿಂದ 140ಕ್ಕೆ ವೇಗ ಏರುವ ಪ್ರಮಾಣವನ್ನು, ಗುಡ್ಡದ ತಿದ್ದುಪಡಿ ತೋರಿಸಿದ ಮೇಲೆ, ಒಪ್ಪುತ್ತೇನೆ ಎಂದಿದ್ದೇನೆ. ಟರ್ಬುಲೆನ್ಸ್ ಅಂಕಿಯನ್ನು ಯಂತ್ರದ ವರ್ಗ ನಿರ್ಧಾರಕ್ಕೆ ಸದ್ಯಕ್ಕೆ ಒಪ್ಪಿಲ್ಲ. ಮಾಸ್ಟ್‌ನ 100 ಮೀಟರ್ ಕಪ್ಪಿನ ಟರ್ಬುಲೆನ್ಸ್ ಅನ್ನೇ ಆಧಾರವಾಗಿಟ್ಟು, ಎತ್ತರಕ್ಕೆ ತಕ್ಕ ಬದಲಾವಣೆಯ ಸುಳಿವಿಗೆ ಮಾತ್ರ ಲಿಡಾರ್ ನೋಡಬಹುದು. ಅದೂ ಬಯಲಿನ ಲೆಕ್ಕವಾದ್ದರಿಂದ ನೆತ್ತಿಗೆ ಒಯ್ಯುವಾಗ ಅನಿಶ್ಚಿತತೆ ಹೆಚ್ಚು ಹಿಡಿದು, ಬಿ ವರ್ಗದ ಯಂತ್ರದೊಂದಿಗೆ ಲೆಕ್ಕ ತೋರಿಸಲಿ. ಲಿಡಾರ್ ಅನ್ನು ಮತ್ತೆ ಮಾಸ್ಟ್ ಪಕ್ಕಕ್ಕೆ ತಂದು ಮಾಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಲಿಸಲಿ, ಕಚ್ಚಾ ಕಡತ ಉಳಿಸಲಿ ಎಂದೂ ಸೇರಿಸಿದ್ದೇನೆ.

ತುಮಕೂರು_ಬಂಡವಾಳ

ಬಿ ವರ್ಗದ ಯಂತ್ರ ಎಂದರೆ ರೆಕ್ಕೆ ಗಿಡ್ಡ, ಉತ್ಪಾದನೆ ಕಡಿಮೆ. ನಿಮ್ಮ ಎಚ್ಚರಿಕೆಯ ಬಿಲ್ಲು ನಮಗೆ ಬರುತ್ತದೆ.

ಲೋಡ್_ಲೆಕ್ಕ

ಯಾವಾಗಲೂ ಗಿಡ್ಡವೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅದೇ ಯಂತ್ರಕ್ಕೆ ಈ ಸ್ಥಳದ್ದೇ ಲೋಡ್ ಲೆಕ್ಕ ಹಾಕಿಸಿ ಒಪ್ಪಿಗೆ ಪಡೆಯಬಹುದು. ಆ ಲೆಕ್ಕಕ್ಕೂ ನಂಬಲರ್ಹ ಟರ್ಬುಲೆನ್ಸ್ ಬೇಕು. ಎರಡು ಋತುವಿನ ಹೋಲಿಕೆಗೆ ತಗಲುವ ಬಾಡಿಗೆಯನ್ನು ಒಂದು ರೆಕ್ಕೆ ಬದಲಾಯಿಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ.

ಹಳೇ_ಕಂಬ

ಮಧುಗಿರಿಯವರೇ, ಟಿಪ್ಪಣಿ ಒಪ್ಪಿತವಾಗಿದೆ. ಒಂದು ಬಿಟ್ಟುಹೋಯಿತು. ಮಾಸ್ಟ್‌ನ ಅಳತೆ ದಾಖಲಿಸುವ ಲಾಗರ್‌ನ ಗಡಿಯಾರ, ಲಿಡಾರ್ ಗಡಿಯಾರ ಎರಡೂ ಹೊಂದಿದ್ದವೇ? ಲಿಡಾರ್ ಉಪಗ್ರಹದಿಂದ ಸಮಯ ತೆಗೆದುಕೊಳ್ಳುತ್ತದೆ. ಹಳೆಯ ಲಾಗರ್ ತನ್ನ ಪಾಡಿಗೆ ತಾನು ಜಾರುತ್ತಿರುತ್ತದೆ. ಗ್ರೀನಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಐದೂವರೆ ಗಂಟೆಯಷ್ಟು ವ್ಯತ್ಯಾಸವಾದರೆ ಯಾರಿಗಾದರೂ ಕಾಣುತ್ತದೆ. ಎರಡು ಮೂರು ನಿಮಿಷ ಜಾರಿದರೆ ಸರಾಸರಿ ವೇಗದ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ, ಟರ್ಬುಲೆನ್ಸ್ ಚುಕ್ಕಿಗಳು ಮಾತ್ರ ಚದುರುತ್ತವೆ. ಲಿಡಾರ್ ಮೇಲೆ ಹೊರಿಸಿದ್ದರಲ್ಲಿ ಒಂದು ಪಾಲು ನನ್ನ ಕಂಬದ್ದೇ ಇರಬಹುದು. ಕಡತದ ಸಮಯವನ್ನು ಒಂದೊಂದೇ ನಿಮಿಷ ಹಿಂದೆ ಮುಂದೆ ಸರಿಸಬೇಕೆಂದರೆ ಲಾಗರ್‌ನ ಸೆಕೆಂಡಿನ ದತ್ತಾಂಶ ಬೇಕು. ಅದಾದರೂ ಇದೆಯೇ?

ಮಧುಗಿರಿ_ಮಾರುತ

ಲಾಗರ್‌ನಲ್ಲಿ ಸೆಕೆಂಡಿನ ದತ್ತಾಂಶ ಇದೆ ಸರ್, ಕಾರ್ಡ್ ತುಂಬಿದಾಗಲೆಲ್ಲ ತೆಗೆದಿಟ್ಟಿದ್ದಾರೆ. ಗಡಿಯಾರ ಹೊಂದಿಸಿದ ದಾಖಲೆ ಮಾತ್ರ ವರದಿಯಲ್ಲಿ ಇಲ್ಲ. ಸೋಮವಾರ ತುಮಕೂರಿನ ಕಚೇರಿಗೆ ಹೋಗಿ ಕಡತ ತರುತ್ತೇನೆ.